ಅತ್ತಿಯವರ ಗೇಣಿನ ಲೆಕ್ಕ, ಮಗಳಿಗೆ ಟೇಪಿನ ಲೆಕ್ಕ: ಹೊಲಿಗಿ ಎಲ್ಲಿಂದ ಕಲಿಸ್ಬೇಕ್ರಿ?

ಸಿಂಧನೂರು ಸೊಸಿ:

ಎಲ್ಲಾರಿಗೂ ನಮಸ್ಕಾರ್ರಿ. ಮಗಳಿಗೆ 12 ವರ್ಷ. ಈ ಬೇಸಿಗಿ ಸೂಟ್ಯಾಗ ಹೊಲಿಗಿ ಕಲಿಸ್ಬೇಕಂತ ಅದ. ಮನ್ಯಾಗ ಅತ್ತಿಯವರ ಕರೇ ಕಾಲು ಮಷಿನ್ ಅದ, ಉಷಾ ಕಂಪನೀದು, ಬರೇ ಸೀದಾ ಹೊಲಿಗಿ ಹಾಕೋದು. ಐದಾರು ವರ್ಷ ಮುಚ್ಚಿಟ್ಟಿದ್ದು, ಈಗ ತಗದೀವಿ. ಭಾಳ ಬಿಗಿ ಆಗ್ಯದ. ಕೊಬ್ಬರಿ ಎಣ್ಣಿ ಬಿಟ್ಟರ ಒಂದು ದಿನ ಹಗುರಾಗಿ ಮರುದಿನ ಮತ್ತಷ್ಟು ಬಿಗೀತದ. ಹೊಲದ ಅರಿವಿ ತಿರುಗಿಸಿ ನೋಡಿದ್ರ ಕೆಳಗ ದಾರ ಗಂಟು ಗಂಟಾಗಿ ಜಡಿಗಟ್ಟಿರ್ತದ. ಬಾಬಿನ್ ಕೇಸ್ ಹೊಸಾದು ಹಾಕಿದ್ರೂ ಅಷ್ಟೇ.

ಎರಡನೇದು, ಅತ್ತಿಯವರು ಕುಬಸ (ರವಿಕಿ), ಲಂಗ, ಕೌದಿ (ಹಳೇ ಅರಿವಿ ಪದರು ಕೂಡಿಸಿ ಹೊಲಿಯೋ ಹಾಸಿಗಿ-ಹೊದಿಕಿ), ಕೂಸಿನ ಕುಂಚಿಗಿ (ತಲಿ, ಬೆನ್ನು ಮುಚ್ಚೋ ಟೊಪ್ಪಿಗಿ) ಎಲ್ಲಾ ಬಲ್ಲವರು. ಆದ್ರ ಟೇಪು ಹಿಡಿಯಂಗಿಲ್ಲ. "ಒಂದು ಗೇಣು ಎರಡು ಬಳ್ಳು (ಬೆರಳು) ಬಿಡು" ಅಂತಾರ, ಕತ್ತರಿ ಹಾಕೇ ಬಿಡ್ತಾರ. ಹುಡುಗಿಗೆ ತಲಿ ಬುಡ ತಿಳಿಯಂಗಿಲ್ಲ. ಇದನ್ನ ಬರ್ದಿಡೋದು ಹ್ಯಾಂಗ? ಮೊದಲ ಕೈಹೊಲಿಗಿ ಕಲಿಸ್ಬೇಕೋ, ಸೀದಾ ಮಷಿನ್ ಮ್ಯಾಲ ಕೂಡಿಸ್ಬೇಕೋ? ತಿಳಿದವರು ಬಿಡಿಸಿ ಹೇಳ್ರಿ.

ಕೌಲ್ ಬಜಾರ್ ಟೇಲರ್ (ಬಳ್ಳಾರಿ):

ಮೊದಲು ಮಷಿನ್ ವಿಷಯ ಮುಗಿಸೋಣ ತಂಗಿ. ಕೆಟ್ಟ ಮಷಿನ್ ಮೇಲೆ ಮಕ್ಕಳನ್ನ ಕೂಡಿಸಿದ್ರೆ ತಪ್ಪು ತಮ್ಮದೇ ಅಂದ್ಕೊಂಡು ಎದ್ದು ಹೋಗ್ತಾರೆ.

ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಯಾವುದೂ ಬೇಡ. ಅಡಿಗೆ ಎಣ್ಣೆ ಗಾಳಿಗೆ ಒಣಗಿ ಅಂಟಾಗುತ್ತೆ, ನಮ್ಮ ಕಡೆ ಎರೆಮಣ್ಣಿನ ಧೂಳು ಅದರ ಮೇಲೆ ಕೂತು ಕರೆ ಮೇಣದ ಹಾಗೆ ಹಿಡ್ಕೊಳ್ಳುತ್ತೆ. ಈಗ ಅದನ್ನ ಬಿಡಿಸಬೇಕು. ಸೂಜಿ, ದಾರ, ಬಾಬಿನ್ ಎಲ್ಲ ತೆಗೀರಿ. ಬೆಲ್ಟ್ ಕಳಚ್ರಿ. ಎಣ್ಣೆ ಬಿಡೋ ಪ್ರತಿ ತೂತಿಗೂ ಎರಡು ಮೂರು ಹನಿ ಸೀಮೆಎಣ್ಣೆ ಬಿಟ್ಟು ಗಾಲಿಯನ್ನ ಕೈಯಲ್ಲಿ ಐದು ನಿಮಿಷ ತಿರುಗಿಸ್ರಿ. ಕರೆ ನೀರು ಇಳಿಯುತ್ತೆ, ಹಳೆ ಬಟ್ಟೆಯಲ್ಲಿ ಒರೆಸ್ರಿ. ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ಮತ್ತೊಮ್ಮೆ. ಒಲೆ, ದೀಪದ ಹತ್ತಿರ ಈ ಕೆಲಸ ಬೇಡ, ಬಾಗಿಲು ತೆಗೆದಿರಲಿ. ಸೀಮೆಎಣ್ಣೆ ಪೂರ್ತಿ ಒರೆಸಿದ ಮೇಲೆ ಮಷಿನ್ ಎಣ್ಣೆ, ನೀರಿನಷ್ಟು ತೆಳ್ಳಗೆ ಬಿಳೀದು ಇರುತ್ತಲ್ಲ ಅದು, ತೂತಿಗೆ ಒಂದೊಂದೇ ಹನಿ. ಸೀಮೆಎಣ್ಣೆ ಹಾಕಿ ಎಣ್ಣೆ ಹಾಕದೇ ಬಿಟ್ಟರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಸವೆಯುತ್ತೆ, ಅದನ್ನ ಮರೀಬೇಡ್ರಿ. ಆಮೇಲೆ ಚಿಂದಿ ಬಟ್ಟೆ ಮೇಲೆ ಹತ್ತು ನಿಮಿಷ ಹೊಲೀರಿ, ಎಣ್ಣೆ ಕಲೆ ನಿಂತ ಮೇಲೇ ಒಳ್ಳೆ ಬಟ್ಟೆ.

ಸೂಜಿ ಇಳಿಯೋ ತಗಡಿಗೆ ಎರಡು ಸ್ಕ್ರೂ ಇರ್ತಾವೆ, ಬಿಚ್ಚಿ ನೋಡ್ರಿ. ಹಲ್ಲುಗಳ ಸಂದಿನಲ್ಲಿ ನೂಲಿನ ಧೂಳು ಗಟ್ಟಿಯಾಗಿ ಕಂಬಳಿ ತುಂಡಿನ ಹಾಗೆ ಕೂತಿರುತ್ತೆ. ಅದು ಇದ್ದರೆ ಹಲ್ಲು ಪೂರ್ತಿ ಮೇಲೆ ಬರಲ್ಲ, ಬಟ್ಟೆ ಮುಂದಕ್ಕೆ ಹೋಗಲ್ಲ. ಶಟಲ್ (ಬಾಬಿನ್ ಹತ್ತಿರ ಓಡಾಡಿ ದಾರ ಹಿಡಿಯೋ ಭಾಗ) ಕೂಡ ಹೊರಗೆ ತೆಗೆದು ಒರೆಸಿ, ಅದು ಓಡೋ ಹಾದಿಗೆ ಒಂದೇ ಹನಿ ಎಣ್ಣೆ.

ಬೆಲ್ಟ್ ಜಾರ್ತಿದ್ರೆ ಕಾಲು ಇಂಚು ಕತ್ತರಿಸಿ ತಂತಿ ಕೊಂಡಿ ಮತ್ತೆ ಹಾಕ್ರಿ. ಜಾಸ್ತಿ ಕತ್ತರಿಸಬೇಡ್ರಿ, ಬಿಗಿಯಾದ್ರೆ ತುಳಿಯೋಕೆ ಭಾರ ಆಗುತ್ತೆ, ಮಕ್ಕಳ ಕಾಲಿಗೆ ಆಗಲ್ಲ.

ಇನ್ನು ಕೆಳಗಿನ ಗಂಟು. ಇದರಲ್ಲೇ ಎಲ್ಲರೂ ಎಡವೋದು. ಕೆಳಗೆ ಗಂಟು ಬಿದ್ದರೆ ತಪ್ಪು ಮೇಲಿನ ದಾರದ್ದು. ಮೇಲಿನ ದಾರವನ್ನ ಯಾರೂ ಹಿಡಿದಿಲ್ಲ, ಅದಕ್ಕೇ ಅದು ಕೆಳಗೆ ಹೋಗಿ ರಾಶಿ ಬೀಳುತ್ತೆ. ಬಾಬಿನ್ ಕೇಸ್‌ಗೆ ಸುಮ್ಮನೆ ದುಡ್ಡು ಹಾಕಿದ್ರಿ. ಬಟ್ಟೆ ಒತ್ತಿ ಹಿಡಿಯೋ ಮಷಿನ್ ಪಾದ ಎತ್ತಿಟ್ಟು ದಾರ ಏರಿಸಬೇಕು. ಪಾದ ಇಳಿಸಿಟ್ಟರೆ ದಾರ ಬಿಗಿ ಹಿಡಿಯೋ ಟೆನ್ಷನ್ ಬಿಲ್ಲೆಗಳು ಮುಚ್ಚಿರ್ತಾವೆ, ದಾರ ಒಳಗೆ ಕೂರದೆ ಮೇಲೇ ತೇಲುತ್ತೆ. ಬಿಲ್ಲೆಗಳ ನಡುವೆ ಹಳೆ ದಾರದ ಚೂರು ಸಿಕ್ಕಿದ್ರೂ ಹಿಡಿತ ಸಿಗಲ್ಲ, ದಪ್ಪ ದಾರ ಮಡಚಿ ಹಲ್ಲುಜ್ಜಿದ ಹಾಗೆ ಎಳೆದು ತೆಗೀರಿ. ಮೇಲೆ ಕೆಳಗೆ ಆಡೋ ಕೊಕ್ಕೆ ಇದೆಯಲ್ಲ, ಅದರ ತೂತಿಗೆ ದಾರ ಪೋಣಿಸೋದು ಮರೆತರೆ ಮೂರನೇ ಟಾಕಿಗೇ (ಸೂಜಿ ಹಾಕೋ ಒಂದೊಂದು ಹೊಲಿಗೆಗೆ ಟಾಕು ಅಂತೀವಿ) ಜಾಮ್. ಇಷ್ಟೂ ಸರಿ ಇದ್ದು ಇನ್ನೂ ಗಂಟು ಬಿದ್ದರೆ ಮಾತ್ರ ಟೆನ್ಷನ್ ತಿರುಪನ್ನ ಅರ್ಧ ಸುತ್ತು ಬಿಗಿ ಮಾಡ್ರಿ.

ಮೇಲ್ಗಡೆ ದಾರ ಸೀದಾ ತಂತಿ ಹಾಗೆ ಮಲಗಿದ್ರೆ ಅದು ಉಲ್ಟಾ, ಮೇಲೆ ಬಿಗಿ ಜಾಸ್ತಿ, ಇಲ್ಲ ಬಾಬಿನ್ ಸಡಿಲ. ಬಾಬಿನ್ ನೋಡೋಕೆ ಕೇಸನ್ನ ದಾರದಿಂದ ನೇತಾಡಿಸ್ರಿ. ತಾನಾಗಿ ಇಳಿದು ಹೋಗಬಾರದು, ಕೈ ಸ್ವಲ್ಪ ಜಗ್ಗಿದ್ರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ಪರೀಕ್ಷೆಗೆ ಮೇಲೆ ಕೆಂಪು ದಾರ, ಕೆಳಗೆ ಬಿಳಿ ಹಾಕ್ರಿ, ಯಾರ ತಪ್ಪು ಅಂತ ಕಣ್ಣಿಗೇ ಕಾಣುತ್ತೆ.

ಗಾಲಿ ಯಾವಾಗಲೂ ನಮ್ಮ ಕಡೆಗೇ ತಿರುಗಬೇಕು. ಹಿಂದಕ್ಕೆ ಒಂದು ಸುತ್ತು ಹೋದ್ರೂ ದಾರ ತುಂಡಾಗುತ್ತೆ ಇಲ್ಲವೇ ಶಟಲ್‌ಗೆ ಸುತ್ತಿಕೊಳ್ಳುತ್ತೆ. ಹೊಸಬರಿಗೆ ಇದೇ ದೊಡ್ಡ ಕಾಟ.

ಕುಷ್ಟಗಿ ಕೌದಿ:

ಮಷಿನ್ ಬಗ್ಗೆ ಅಣ್ಣಾರು ಹೇಳಿದ್ದು ಖರೆ. ನಾ ಕಲಿಸೋ ಕ್ರಮ ಹೇಳ್ತೀನ್ರಿ.

ಮೊದಲ ಕೈಹೊಲಿಗೀನೇ. ಯಾಕಂದ್ರ ಅರಿವಿ ಹೆಂಗ ಜಗ್ಗತೈತಿ, ಯಾವ ಕಡೆ ಸಡ್ಲ ಬಿಡತೈತಿ ಅನ್ನೋದು ಬೆರಳಿಗೆ ತಿಳೀಬೇಕು, ಮಷಿನ್ ಮ್ಯಾಲ ಅದು ತಿಳ್ಯಾಂಗಿಲ್ಲ. ಇದಕ್ಕ ನಮ್ಮ ಕಡೆ ಕೌದಿಗಿಂತ ಚೊಲೋ ಪಾಠ ಇಲ್ಲ. ದೊಡ್ಡ ಕೌದಿ ಬ್ಯಾಡ, ಹುಡುಗಿ ಬ್ಯಾಸತ್ತು ಬಿಡತಾಳ. 18 ಇಂಚು ಅಗಲ, 18 ಇಂಚು ಉದ್ದ, ಕುಂದ್ರೂ ಚೌಕ ಕೌದಿ. ಹಳೇ ಕಾಟನ್ ಸೀರಿ ಮೂರು ಪದರು, ಮ್ಯಾಲ ಬಣ್ಣಬಣ್ಣದ ತುಂಡು. ಪಾಲಿಸ್ಟರ್ ಸೀರಿ ಒಂದು ಪದರನೂ ಸೇರಿಸಬ್ಯಾಡ್ರಿ, ಅದು ಜಾರಿ ಒಳಗ ಮುದ್ದಿ ಆಗತೈತಿ, ಬೆವರೂ ಹೀರಂಗಿಲ್ಲ.

ನೆಲದ ಮ್ಯಾಲ ಹಾಸಿ ನಾಕೂ ಮೂಲಿಗೆ ಕಲ್ಲಿಟ್ಟು ಬಿಗಿಯಾಗಿ ಎಳೀರಿ. ನಡುವಿನಿಂದ ಅಂಚಿನ ಕಡೆ ದೂರ ದೂರ ಕಚ್ಚಾ ಟಾಕು ಹಾಕಸ್ರಿ, ಒಂದೊಂದು ಟಾಕು ಎರಡು ಇಂಚು. ಪಕ್ಕಾ ಹೊಲಿಗಿ ಮಾತ್ರ ಅಂಚಿನಿಂದ ಒಳಗ ಸುತ್ತಿಕೋತ ಬರಬೇಕು. ಕಚ್ಚಾ ಹಾಕದ ಶುರು ಮಾಡಿದ್ರ ಅರಿವಿ ಎಲ್ಲಾ ನಡುವ ಬಂದು ಹೊಟ್ಟಿ ಬಿಡತೈತಿ, ಆಮ್ಯಾಲ ಎಷ್ಟು ತೀಡಿದ್ರೂ ಕುಂದ್ರಾಂಗಿಲ್ಲ. ಇಂಚಿಗೆ ನಾಕೈದು ಟಾಕು, ಒಂದು ಸಾಲಿಗೂ ಇನ್ನೊಂದು ಸಾಲಿಗೂ ಒಂದು ಬೆರಳು ಅಂತರ. ದಾರ ಒಂದೂವರಿ ಮೊಳಕ್ಕಿಂತ ಉದ್ದ ತಗೊಂಡ್ರ ಹುರಿಗೊಂಡು ಗಂಟು ಬೀಳತೈತಿ. "ಸೋಂಬೇರಿ ದಾರ ಉದ್ದ" ಅಂತ ಹಿರ್‍ಯಾರು ಬೈಯೋದು ಇದಕ್ಕs. ಸೂಜಿ ಒತ್ತೋ ಬೆರಳಿಗೆ ಅಂಗುಸ್ತಾನ (ಬೆರಳ ಟೊಪ್ಪಿಗಿ) ಹಾಕಸ್ರಿ. ಇಲ್ಲಾಂದ್ರ ಎರಡನೇ ದಿನ ಬೆರಳು ನೋವು ಅಂತ ಸೂಜಿ ಮುಟ್ಟಂಗಿಲ್ಲ.

ಒಂದು ಮಾತು: ಹುಡುಗಿ ಎಡಗೈಯಾಕಿ ಇದ್ರ ಅಜ್ಜಿ ಪಕ್ಕಕ್ಕ ಅಲ್ಲ, ಎದುರು ಕುಂದ್ರಸ್ರಿ. ಕನ್ನಡಿ ನೋಡಿದಂಗ ಆಗತೈತಿ, ತಾನಾಗೇ ಕಲೀತಾಳ. ಬಲಗೈಯಾಕಿ ಇದ್ರ ಪಕ್ಕಕ್ಕೇ.

ಕೌದಿ ಆದ ಮ್ಯಾಲ ಕುಂಚಿಗಿ. ಅದು ಅರ್ಧ ಕೈಹೊಲಿಗಿ, ಅರ್ಧ ಮಷಿನ್, ಸಣ್ಣದು, ತಪ್ಪಿದ್ರ ಹೆಚ್ಚು ಅರಿವಿ ಹೋಗಂಗಿಲ್ಲ. ಮೂರರಿಂದ ಆರು ತಿಂಗಳ ಕೂಸಿಗೆ ಲೆಕ್ಕ ಹಿಂಗ: ತಲಿ ಭಾಗಕ್ಕ ಖಣದ (ಕುಬಸಕ್ಕ ಅಂತ ಮಗ್ಗದ ಮ್ಯಾಲ ನೇಯೋ ಅರಿವಿ) ತುಂಡು 14 ಇಂಚು ಉದ್ದ, 7 ಇಂಚು ಅಗಲ. ಇದನ್ನ ನಡುವ ಮಡಚಿದ್ರ 7 ಬೈ 7 ಚೌಕ. ಮಡಿಕಿ ನೆತ್ತಿ ಮ್ಯಾಲ ಬರಬೇಕು, ಹಿಂದಿನ ಒಂದು ಬದಿ ಅರ್ಧ ಇಂಚು ಬಿಟ್ಟು ಹೊಲದ್ರ ಟೊಪ್ಪಿಗಿ ಆತು. ಕೆಳಗಿನ ಸುತ್ತನ್ನ ನಿರಿಗಿ ಹಿಡಿದು 10 ಇಂಚಿಗೆ ತರ್ರಿ. ಬೆನ್ನ ಮ್ಯಾಲ ಇಳಿಬೀಳೋ ಭಾಗ 22 ಇಂಚು ಅಗಲ, 15 ಇಂಚು ಉದ್ದ, ಅದರ ಮ್ಯಾಲಿನ ಅಂಚನ್ನೂ ನಿರಿಗಿ ಹಿಡಿದು ಅದೇ 10 ಇಂಚಿಗೆ ತಂದು ಜೋಡಸ್ರಿ. ಕೂಡಿದ ಜಾಗಕ್ಕ ಪಟ್ಟಿ ಇಟ್ಟು, ಅದರ ಎರಡೂ ತುದಿಗೆ 8 ಇಂಚಿನ ಲಾಡಿ. ಖಣದ ಒಳಗ ತೊಳೆದು ಮೆತ್ತಗಾದ ಕಾಟನ್ ಅಸ್ತರ ಬೇಕೇ ಬೇಕು, ಖಣದ ನೂಲು ಕೂಸಿನ ತಲಿಗೆ ಚುಚ್ಚತೈತಿ. ಲಾಡಿ ಇರೋದರಿಂದ ಮಲಗಿದ ಕೂಸಿಗೆ ಕುಂಚಿಗಿ ಹಾಕಿ ಬಿಡಬಾರದು.

ಅತ್ತಿಯವರ ಕೈಅಳತಿ ಬಗ್ಗೆ ನಾಳೆ ಬರೀತೀನ್ರಿ, ಅದು ದೊಡ್ಡ ಮಾತು.

ಕೌಲ್ ಬಜಾರ್ ಟೇಲರ್ (ಬಳ್ಳಾರಿ):

ಕುಷ್ಟಗಿ ಅಕ್ಕ ಹೇಳಿದ್ದಕ್ಕೆ ಒಂದು ತಕರಾರು ಇದೆ. 12 ವರ್ಷದ ಹುಡುಗಿ ಕೌದಿ ಮುಗಿಸೋವರೆಗೂ ಮಷಿನ್ ಮುಟ್ಟಬೇಡ ಅಂದ್ರೆ ಸೂಟಿ ಮುಗಿಯುತ್ತೆ. ಎರಡೂ ಒಟ್ಟಿಗೆ ನಡೀಲಿ. ಬೆಳಿಗ್ಗೆ ತಂಪಿನಲ್ಲಿ ಮಷಿನ್ ಇಪ್ಪತ್ತು ನಿಮಿಷ, ಮಧ್ಯಾಹ್ನ ಅಜ್ಜಿ ಹತ್ತಿರ ಸೂಜಿ.

ಮಷಿನ್ ಮೇಲೆ ಮೊದಲ ಪಾಠ ಕಾಲಿಗೆ, ಕೈಗಲ್ಲ. ಗಾಲಿ ನಡುವಿನ ದೊಡ್ಡ ತಿರುಪು ಸಡಿಲ ಮಾಡಿದ್ರೆ ಸೂಜಿ ಆಡಲ್ಲ, ಗಾಲಿ ಅಷ್ಟೇ ತಿರುಗುತ್ತೆ. ಹಾಗೆ ಎರಡು ದಿನ ಬರೀ ತುಳಿಸ್ರಿ. ಬಲಗೈಯಿಂದ ಗಾಲಿಯನ್ನ ತನ್ನ ಕಡೆ ಒಮ್ಮೆ ನೂಕಿ ಶುರು, ಅದೇ ಅಂಗೈಯಿಂದ ಗಾಲಿ ಮುಟ್ಟಿ ನಿಲ್ಲಿಸೋದು. ಹೇಳಿದ ಕಡೆ ನಿಲ್ಲಿಸೋಕೆ ಬಂದ ಮೇಲೆ ತಿರುಪು ಬಿಗಿ ಮಾಡಿ, ದಾರ ಇಲ್ಲದೇ, ಗೆರೆ ಇರೋ ನೋಟ್‌ಬುಕ್ ಹಾಳೆ ಕೊಡ್ರಿ. ಗೆರೆ ಮೇಲೆ ತೂತು ಬೀಳಬೇಕು. ಗೆರೆ ಆದ್ಮೇಲೆ ಚೌಕ: ಮೂಲೆ ಬಂದಾಗ ಸೂಜಿ ಹಾಳೆಯೊಳಗೇ ಇರಬೇಕು, ಪಾದ ಎತ್ತಿ, ಹಾಳೆ ತಿರುಗಿಸಿ, ಪಾದ ಇಳಿಸಿ. ಆಮೇಲೆ ಸುರುಳಿ, ಜಿಲೇಬಿ ಹಾಗೆ. ಕಾಗದ ಸೂಜಿ ಮೊನೆ ತಿನ್ನುತ್ತೆ, ಅದಕ್ಕೆ ಹಳೇ ಸೂಜಿ ಬಳಸಿ, ಬಟ್ಟೆಗೆ ಬಂದಾಗ ಬದಲಾಯಿಸ್ರಿ.

ಮಕ್ಕಳು ಸೂಜಿಯನ್ನೇ ನೋಡ್ತಾರೆ, ಅದಕ್ಕೇ ಹೊಲಿಗೆ ಸೊಟ್ಟ. ಸೂಜಿಯಿಂದ ಬಲಕ್ಕೆ ಅರ್ಧ ಇಂಚಿಗೆ ಮಷಿನ್ ಮೇಲೆ ಬಣ್ಣದ ಟೇಪ್ ಅಂಟಿಸಿ, ಬಟ್ಟೆ ಅಂಚು ಆ ಟೇಪಿಗೆ ತಾಗಿಕೊಂಡೇ ಹೋಗಬೇಕು ಅಂತ ಹೇಳ್ರಿ, ಕಣ್ಣು ಅಲ್ಲಿರಲಿ. ಇನ್ನೊಂದು ಚಟ, ಹಿಂದಿನಿಂದ ಬಟ್ಟೆ ಎಳೆಯೋದು. ಎಳೆದ್ರೆ ಸೂಜಿ ಬಾಗಿ ತಗಡಿಗೆ ಬಡಿದು ಮುರಿಯುತ್ತೆ. ಬಟ್ಟೆ ಒಯ್ಯೋ ಕೆಲಸ ಹಲ್ಲುಗಳದ್ದು, ಕೈಗೆ ದಾರಿ ತೋರಿಸೋ ಕೆಲಸ ಅಷ್ಟೇ. ಜಡೆ ಹಿಂದಕ್ಕೆ ಕಟ್ಟಿರಬೇಕು, ಓಢಣಿ ಬೇಡ. ಮನೆಯಲ್ಲಿ ಸಣ್ಣ ಮಕ್ಕಳಿದ್ರೆ ಕೆಲಸ ಮುಗಿದ ಕೂಡಲೇ ಬೆಲ್ಟ್ ಕಳಚಿಡ್ರಿ.

ಕುಷ್ಟಗಿ ಕೌದಿ:

ಒಪ್ಪಿದೆ ಅಣ್ಣಾರ, ಎರಡೂ ಕೂಡೇ ನಡೀಲಿ. ಆದ್ರ ಕೌದಿ ಬಿಡಂಗಿಲ್ಲ!

ಈಗ ಅಳತಿ ಮಾತು. ಅತ್ತಿಯವರ ಅಳತಿ ತಪ್ಪಲ್ಲ, ಅದು ಅವರ ಕೈದು. ಹುಡುಗಿ ಗೇಣು ಬ್ಯಾರೆ, ಅವರ ಗೇಣು ಬ್ಯಾರೆ. ಅದಕ್ಕ ಮೊದಲ ಅತ್ತಿಯವರ ಕೈನೇ ಟೇಪಿನಿಂದ ಅಳೀರಿ. ಹೆಬ್ಬೆರಳಿನಿಂದ ಕಿರಿಬೆರಳಿನ ತುದಿಗೆ ಗೇಣು, ಹೆಬ್ಬೆರಳಿನಿಂದ ತೋರಬೆರಳಿಗೆ ಚೋಟು, ಮೊಳಕೈಯಿಂದ ನಡುಬೆರಳ ತುದಿಗೆ ಮೊಳ, ಒಂದು ಬೆರಳಿನ ಅಗಲ, ನಾಕು ಬೆರಳು ಕೂಡಿಸಿದ ಅಗಲ. ಐದು ಅಂಕಿ. ಗೇಣು ಏಳೂವರಿಯಿಂದ ಎಂಟು ಇಂಚಿನ ಆಜೂಬಾಜು ಬರಬೋದು, ನಾಕು ಬೆರಳು ಮೂರು ಇಂಚಿನ ಆಜೂಬಾಜು. ನಿಮ್ಮ ಮನೀ ಅಂಕಿ ಏನು ಬರತೈತೋ ಅದನ್ನs ನೋಟ್‌ಬುಕ್ಕಿನ ಮೊದಲ ಪುಟಕ್ಕ ಬರೀರಿ.

ಆದ್ರ ಇಷ್ಟಕ್ಕs ಮುಗಿಯಂಗಿಲ್ಲ. ಬಾಯಿಂದ ಹೇಳೋ ಲೆಕ್ಕ ಒಂದು, ಕತ್ತರಿ ಹೋಗೋದು ಇನ್ನೊಂದು. ಕೈ ಎತ್ತಿ ಮತ್ತ ಇಡುವಾಗ ಬೆರಳು ಅರ್ಧ ಇಂಚು ನುಂಗತೈತಿ, ಅದು ಅವರಿಗೇ ಗೊತ್ತಿರಂಗಿಲ್ಲ. ಅದಕ್ಕ ಕೇಳಬ್ಯಾಡ್ರಿ, ನೋಡ್ರಿ. ಅವರು ಎಂದಿನಂಗ ಒಂದು ಕುಬಸ ಕತ್ತರಿಸಲಿ. ಹೊಲಿಯೂಕಿಂತ ಮೊದಲ ಆ ತುಂಡುಗಳನ್ನ ಖಾಕಿ ಕಾಗದದ ಮ್ಯಾಲ ಇಟ್ಟು ಸುತ್ತ ಪೆನ್ಸಿಲ್ ಗೆರಿ ಎಳಕೋರ್ರಿ. ಹೊಲದ ಮ್ಯಾಲ ಅದೇ ಕುಬಸ ಟೇಪಿನಿಂದ ಅಳೀರಿ. ಕಾಗದಕ್ಕೂ ಹೊಲದದ್ದಕ್ಕೂ ಬರೋ ಅಂತರ ಐತಲ್ಲ, ಅದೇ ಅವರು ಒಳಗ ಬಿಡೋ ಮಾರ್ಜಿನ್. ಬದಿಗೆ ಒಂದೂವರಿ, ಭುಜಕ್ಕ ಅರ್ಧ, ಕೊಳ್ಳಿಗೆ ಕಾಲು, ಹಿಂಗ ಜಾಗ ಜಾಗಕ್ಕ ಬ್ಯಾರೆ ಬ್ಯಾರೆ ಇರತೈತಿ. "ನಿಮ್ಮತ್ತಿ ಹೊಲದ ಕುಬಸ ಎರಡು ವರ್ಷಾದ್ರೂ ಬಿಚ್ಚಿ ದೊಡ್ಡದು ಮಾಡಬೋದು" ಅಂತ ಊರಾಗ ಅಂತಾರಲ್ಲ, ಆ ಗುಟ್ಟು ಈ ಅಂತರದಾಗ ಐತಿ.

ಪ್ರತಿ ಕಾಗದದ ಮ್ಯಾಲ ನಾಕು ಗುರುತು ಬೇಕು: ನೂಲಿನ ಉದ್ದ ಯಾವ ಕಡೆ ಅಂತ ಬಾಣ, ಯಾವ ಬದಿ ಮಡಿಕಿ ಮ್ಯಾಲ ಇಡಬೇಕು, ಯಾರ ಅಳತಿ, ಯಾವ ತಾರೀಖು. ಬಾಣ ಇಲ್ಲದ ಕಾಗದ ಮುಂದ ಯಾರಿಗೂ ಉಪಯೋಗ ಇಲ್ಲ. ತೋಳು ಅಡ್ಡ ಕತ್ತರಿಸಿ ಕೈಗೆ ತಿರಚಿಕೋತೈತಿ.

ಹಳೇ ಕುಬಸ ಬಿಚ್ಚಿ ನಮೂನಿ ತಗಿಯೋದೂ ಒಂದು ದಾರಿ. ಒಂದು ತೋಳು, ಅರ್ಧ ಬೆನ್ನು, ಅರ್ಧ ಎದಿ ಬಿಚ್ಚಿದ್ರ ಸಾಕು, ಇನ್ನರ್ಧ ಹೊಲಿಗಿ ಹೆಂಗ ಕೂಡಿತ್ತು ಅಂತ ನೋಡಾಕ ಉಳೀಲಿ. ಕೊಳ್ಳಿನ ಅಂಚು ಮಾತ್ರ ನಂಬಬ್ಯಾಡ್ರಿ, ಓರಿ ಕತ್ತರಿಸಿದ ಜಾಗ, ಉಟ್ಟು ಉಟ್ಟು ಜಗ್ಗಿರತೈತಿ.

ಮೊಬೈಲಿನಾಗ ವಿಡಿಯೋ ಮಾಡೋದಿದ್ರ ಎದುರು ನಿಂತು ತಗೀಬ್ಯಾಡ್ರಿ, ಎಲ್ಲಾ ಉಲ್ಟಾ ಕಾಣತೈತಿ. ಅವರ ಬಲ ಭುಜದ ಹಿಂದ ನಿಂತು ಕೈ ಮ್ಯಾಲಷ್ಟೇ ಹಿಡೀರಿ.

ಸಿಂಧನೂರು ಸೊಸಿ:

ಭಾಳ ಉಪಕಾರ ಆತ್ರಿ ಇಬ್ಬರದೂ. ಸೀಮೆಎಣ್ಣಿ ಬಿಟ್ಟ ಮ್ಯಾಲ ಮಷಿನ್ ಹೂವಿನಂಗ ತಿರಗ್ಲಿಕತ್ತದ, ಕೆಳಗಿನ ಗಂಟೂ ಹೋಗ್ಯದ. ಪಾದ ಇಳಿಸೇ ದಾರ ಏರಸ್ತಿದ್ವಿ. ಈಗ ಇನ್ನೊಂದು. ಖಣದ ಮ್ಯಾಲ ಹೊಲದ್ರ ನಡು ನಡು ಟಾಕು ತಪ್ಪತದ, ಕಾಟನ್ ಮ್ಯಾಲ ತಪ್ಪಂಗಿಲ್ಲ. ಸೂಜಿ ಹೊಸಾದೇ, ಜೀನ್ಸ್ ಕೆಲಸಕ್ಕ ಹೋಗೋ ಪರಿಚಯದವರು ಕೊಟ್ಟಿದ್ದು. ಮತ್ತ ಹುಡುಗಿಗೆ ಮೊದಲ ಅರಿವಿ ಅಂತ ಲಂಗ ಹೊಲಸಬೇಕಂತೀವಿ. ಸೊಂಟ 24, ಉದ್ದ 30. ಎಷ್ಟು ಬಟ್ಟಿ ತರಬೇಕ್ರಿ?

ಕೌಲ್ ಬಜಾರ್ ಟೇಲರ್ (ಬಳ್ಳಾರಿ):

ಅಲ್ಲೇ ಇದೆ ನೋಡ್ರಿ ಉತ್ತರ. ಜೀನ್ಸ್ ಕಾರ್ಖಾನೆ ಮಷಿನ್ ಸೂಜಿ ಬೇರೆ, ಮನೆ ಮಷಿನ್ ಸೂಜಿ ಬೇರೆ. ಕಾರ್ಖಾನೇದು ಬುಡ ಪೂರ್ತಿ ದುಂಡಗಿರುತ್ತೆ, ಪ್ಯಾಕೆಟ್ ಮೇಲೆ ಡಿಬಿ ಇಂಟು 1 ಅಂತ ಇರುತ್ತೆ. ಮನೇದು ಬುಡದ ಒಂದು ಬದಿ ಚಪ್ಪಟೆ, ಎಚ್‌ಎ ಇಂಟು 1. ದುಂಡನೇದು ಹೇಗೋ ಕೂತು ಬಿಡುತ್ತೆ, ಕಾಟನ್ ಹೊಲಿದೂ ಬಿಡುತ್ತೆ, ಆದ್ರೆ ಶಟಲ್ ಮೊನೆ ದಾರದ ಕುಣಿಕೆ ಹಿಡಿಯೋ ಜಾಗ ತಪ್ಪುತ್ತೆ. ಬಟ್ಟೆ ಸ್ವಲ್ಪ ನುಣುಪಾದ ಕೂಡಲೇ ಟಾಕು ತಪ್ಪುತ್ತೆ.

ಚಪ್ಪಟೆ ಬದಿ ಶಟಲ್ ಕಡೆ, ಉದ್ದ ಗೀರು ಇರೋ ಬದಿ ದಾರ ಬರೋ ಕಡೆ. ಸೂಜಿಯನ್ನ ಮೇಲಕ್ಕೆ ಕಡೇವರೆಗೂ ತಳ್ಳಿ ಬಿಗಿ ಮಾಡ್ರಿ, ಒಂದು ಕೂದಲೆಳೆ ಕೆಳಗಿದ್ರೂ ತಪ್ಪುತ್ತೆ. ನಂಬರ್: ತೆಳು ಬಟ್ಟೆಗೆ 11, ಖಣಕ್ಕೂ ಕಾಟನ್‌ಗೂ 14, ದಪ್ಪಕ್ಕೆ 16, ಜೀನ್ಸ್‌ಗೆ 18. ಕುಬಸಕ್ಕೆ ಇಂಚಿಗೆ 10ರಿಂದ 12 ಟಾಕು, ಜೀನ್ಸ್‌ಗೆ 7-8.

ಜೀನ್ಸ್ ಮಾತು ಬಂತು ಅಂತ ಹೇಳ್ತೀನಿ. ಹಳೆ ಪ್ಯಾಂಟ್ ಕತ್ತರಿಸಿ ಚೀಲ ಹೊಲಿಸೋ ಆಸೆ ಮಕ್ಕಳಿಗೆ ಇರುತ್ತೆ, ಹೊಲಿಸ್ರಿ. ಆದ್ರೆ ಹೊಲಿಗೆ ಮೇಲೆ ಹೊಲಿಗೆ ಬರೋ ದಪ್ಪ ಜಾಗದಲ್ಲಿ ತುಳೀಬಾರದು. ಮೊದಲು ಆ ಜಾಗವನ್ನ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಪಾದದ ಹಿಂದೆ ಅಷ್ಟೇ ದಪ್ಪದ ಮಡಚಿದ ತುಂಡು ಇಟ್ಟು, ಗಾಲಿಯನ್ನ ಕೈಯಲ್ಲೇ ತಿರುಗಿಸಿ ದಾಟಿಸ್ರಿ. ಪಾದ ಮೂಗು ಎತ್ತಿ ನಿಂತಾಗಲೇ ಸೂಜಿ ಮುರಿಯೋದು.

ಇನ್ನೊಂದು ವಿಷಯ. ಬಳ್ಳಾರಿ ಜೀನ್ಸ್ ಕೆಲಸ ಕಲಿತವರನ್ನ ನೋಡಿ "ಅವರ ಹಾಗೆ ವೇಗ ಬರಲಿ" ಅಂತ ಮಕ್ಕಳಿಗೆ ಹೇಳೋರಿದ್ದಾರೆ. ಅಲ್ಲಿ ಒಬ್ಬರು ಪಾಕೆಟ್, ಒಬ್ಬರು ಬೆಲ್ಟ್, ಒಬ್ಬರು ಲೂಪ್, ಒಂದೇ ಕೆಲಸ ದಿನಪೂರ್ತಿ. ವೇಗ ಹಾಗೆ ಬರುತ್ತೆ, ಪೂರ್ತಿ ಪ್ಯಾಂಟ್ ಹಾಗೆ ಬರಲ್ಲ. ಅದು ಹೊಟ್ಟೆಪಾಡಿನ ಕಲಿಕೆ, ತಪ್ಪಲ್ಲ. ಮನೆಯಲ್ಲಿ ಮಾತ್ರ ನಿಧಾನವಾದರೂ ಅಳತೆಯಿಂದ ಗುಂಡಿವರೆಗೆ ಒಂದೇ ಕೈ ಮುಗಿಸಬೇಕು.

ಗಂಗಾವತಿ ಕಟಿಂಗ್:

ಲಂಗದ ಲೆಕ್ಕ ನಾನು ಹೇಳುತ್ತೇನೆ. 36 ಇಂಚು ಪನ್ನಾದ (ಅಗಲದ) ಕಾಟನ್ ಎಂದುಕೊಳ್ಳಿ. ಎರಡೂಕಾಲು ಮೀಟರ್ ತನ್ನಿ. ಲೆಕ್ಕಕ್ಕೆ ಎರಡು ಮೀಟರ್ ಸಾಕು, ಕಾಲು ಮೀಟರ್ ಕುಗ್ಗುವುದಕ್ಕೂ ಹುಡುಗಿಯ ಕತ್ತರಿ ತಪ್ಪುವುದಕ್ಕೂ ಇರಲಿ.

ಮೊದಲು ನೀರಿನಲ್ಲಿ ಒಂದೆರಡು ತಾಸು ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ ಇಸ್ತ್ರಿ ಮಾಡಿ. ರಾಯಚೂರು ಬಿಸಿಲಿಗೆ ಹಾಕಿದರೆ ಅರ್ಧ ತಾಸಿಗೆ ಒಣಗುತ್ತದೆ ನಿಜ, ಬಣ್ಣವೂ ಅಷ್ಟೇ ಬೇಗ ಹೋಗುತ್ತದೆ. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೆ ಲಂಗ ಮೇಲೇರುತ್ತದೆ. ಕುಬಸದ ಅಸ್ತರಕ್ಕೂ ಇದೇ ಮಾತು: ಅಸ್ತರ ಕುಗ್ಗಿ ಖಣ ಕುಗ್ಗದಿದ್ದರೆ ಬಟ್ಟೆಯೆಲ್ಲ ಗುಳ್ಳೆ ಎದ್ದಂತೆ ಕಾಣುತ್ತದೆ.

ಉದ್ದ 30ರಲ್ಲಿ ಸೊಂಟಪಟ್ಟಿ 2 ಇಂಚು. ಉಳಿದದ್ದು 28. ಅದಕ್ಕೆ ಕೆಳಗಿನ ಮಡಿಕೆ ಎರಡೂವರೆ, ಮೇಲಿನ ಹೊಲಿಗೆ ಅರ್ಧ ಸೇರಿಸಿದರೆ 31. ಬೆಳೆಯುವ ಹುಡುಗಿ, ಆದ್ದರಿಂದ ಕೆಳಗೆ ಒಂದೊಂದು ಇಂಚು ಆಳದ ಎರಡು ಮಡಿಕೆ ಹಿಡಿಯಿರಿ. ಒಂದು ಮಡಿಕೆ ಎರಡು ಇಂಚು ಬಟ್ಟೆ ತಿನ್ನುತ್ತದೆ, ಎರಡಕ್ಕೆ 4. ಒಟ್ಟು 35 ಇಂಚಿನ ಎರಡು ತುಂಡು, ಅಂದರೆ 70 ಇಂಚು. ಎರಡು ಮೀಟರ್ ಎಂದರೆ ಸುಮಾರು 78 ಇಂಚು, ಉಳಿದದ್ದರಲ್ಲಿ ಸೊಂಟಪಟ್ಟಿಗೆ 27 ಇಂಚು ಉದ್ದ, 5 ಇಂಚು ಅಗಲದ ತುಂಡು ಬರುತ್ತದೆ. ಮಡಿಕೆ ಹೊಲಿಯುವಾಗ ಉದ್ದ ಟಾಕು ಇಡಿ. ಮುಂದಿನ ವರ್ಷ ಒಂದು ಬಿಚ್ಚಿದರೆ ಎರಡು ಇಂಚು ಉದ್ದ ಸಿಗುತ್ತದೆ. ಬಿಚ್ಚಿದ ಜಾಗದ ಗೆರೆ ಕಾಣುತ್ತದೆ ಎನ್ನುವವರು ಅದರ ಮೇಲೆ ಲೇಸ್ ಹಚ್ಚಲಿ, ಹಳೆಯ ಉಪಾಯ ಅದೇ.

ಎರಡು ತುಂಡು ಬದಿಯಲ್ಲಿ ಕೂಡಿಸಿದ ಮೇಲೆ ಸುತ್ತಳತೆ ಸುಮಾರು 70, ಸೊಂಟ 24ಕ್ಕೆ ಹತ್ತಿರ ಹತ್ತಿರ ಮೂರು ಪಟ್ಟು. ಚೆನ್ನಾದ ನಿರಿಗೆ ಬರುತ್ತದೆ. ಒಂದು ಬದಿಯಲ್ಲಿ ಮೇಲಿನ 5 ಇಂಚು ಹೊಲಿಯದೆ ಬಿಡಿ, ಇಲ್ಲದಿದ್ದರೆ ಲಂಗ ಸೊಂಟ ದಾಟುವುದಿಲ್ಲ. ನಿರಿಗೆಗೆ ಮೇಲಂಚಿನಲ್ಲಿ ಕಾಲು ಇಂಚು ಅಂತರದಲ್ಲಿ ಎರಡು ಸಾಲು, ಅತಿ ಉದ್ದ ಟಾಕು, ಮೇಲಿನ ಟೆನ್ಷನ್ ಸಡಿಲ. ಆಮೇಲೆ ಎರಡೂ ಬಾಬಿನ್ ದಾರಗಳನ್ನು ಒಟ್ಟಿಗೆ ಎಳೆಯಿರಿ. ಒಂದೇ ಸಾಲು ಹಾಕಿದರೆ ನಿರಿಗೆ ಹೊರಳುತ್ತದೆ, ದಾರ ತುಂಡಾದರೆ ಎಲ್ಲ ಮೊದಲಿನಿಂದ. 70 ಇಂಚನ್ನು ಒಂದೇ ಉಸಿರಿಗೆ ಎಳೆಯದೆ ನಾಲ್ಕು ಭಾಗ ಮಾಡಿ, ಸೊಂಟಪಟ್ಟಿಯನ್ನೂ ನಾಲ್ಕು ಭಾಗ ಮಾಡಿ ಗುರುತಿಗೆ ಗುರುತು ಪಿನ್ ಹಾಕಿ. ಹೊಲಿಯುವಾಗ ನಿರಿಗೆ ಇರುವ ಬದಿ ಮೇಲೆ ಇರಲಿ, ಕಣ್ಣಿಗೆ ಕಾಣದಿದ್ದರೆ ಹಲ್ಲು ಅದನ್ನು ಒಂದು ಕಡೆ ಗುಡಿಸುತ್ತದೆ. ಮುಗಿದ ಪಟ್ಟಿ 26 ಇಂಚು ಬರುತ್ತದೆ, ಲಾಡಿ 45 ಇಂಚು.

ಕುಬಸಕ್ಕೆ ಆತುರ ಬೇಡ. ಖಣದ ಪನ್ನಾ ಮಗ್ಗದಿಂದ ಮಗ್ಗಕ್ಕೆ ಬೇರೆ, ಅಂಗಡಿಯಲ್ಲೇ ಟೇಪಿಟ್ಟು ನೋಡಿ ತನ್ನಿ. ಅಂಚು ತೋಳಿನ ಕೊನೆಗೆ ಬರಬೇಕು, ಬುಟ್ಟಾ ತಲೆಕೆಳಗಾಗಬಾರದು. ಈ ಎರಡು ನೋಡುವಷ್ಟರಲ್ಲಿ ಹೊಸಬರಿಗೆ ತೋಳು ಎರಡೂ ಒಂದೇ ಕೈಯವು ಆಗಿಬಿಡುತ್ತವೆ. ಅಸ್ತರದ ಬಟ್ಟೆಯಲ್ಲೇ ಪೂರ್ತಿ ಒಂದು ಕುಬಸ ಕಚ್ಚಾ ಟಾಕಿನಲ್ಲಿ ಹೊಲಿದು ತೊಡಿಸಿ ನೋಡಿ, ಆಮೇಲೆ ಖಣಕ್ಕೆ ಕತ್ತರಿ. ಎದೆ 34ಕ್ಕೆ ಕಂಕುಳದ ಆಳ ತೆಗೆಯಲು ಕಾಲುಭಾಗ ಎಂಟೂವರೆಯಲ್ಲಿ ಒಂದೂವರೆ ಕಳೆದು 7 ಇಡುತ್ತಾರೆ. ಈ ಸೂತ್ರ 32ರಿಂದ 36ರವರೆಗೆ ಸರಿಹೋಗುತ್ತದೆ. ದೊಡ್ಡ ಅಳತೆಗೆ ಹೀಗೇ ಹೋದರೆ ಕಂಕುಳ ಜೋತುಬೀಳುತ್ತದೆ, ಅಲ್ಲಿ ಮೈ ಮೇಲೇ ಅಳೆಯಬೇಕು. ಮಗಳಿಗಂತೂ ಈ ಸೂತ್ರ ಈಗಲೇ ಬೇಡ.

ಸಂಡೂರು ಟಾಕು:

ಲಂಗಕ್ಕೆ ಲೇಸ್ ಅಂದ್ರಲ್ಲ, ಅದರ ಬದಲು ಕೆಳಗಿನ ಪಟ್ಟಿಗೆ ನಾಲ್ಕು ಕನ್ನಡಿ ಕೂರಿಸೋದನ್ನ ಕಲಿಸಿ. ನಮ್ಮ ಲಂಬಾಣಿ ತಾಂಡಾಗಳಲ್ಲಿ ಹೆಣ್ಣುಮಕ್ಕಳಿಗೆ ಫೇಟಿಯಾ (ಲಂಗ), ಕಾಂಚಳಿ (ರವಿಕೆ) ಮೇಲೆ ಕಸೂತಿ ಹೇಳಿಕೊಡೋದು ತಾಯಿ, ಅಜ್ಜಿಯರೇ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ಕಸೂತಿ ತುಂಡುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು.

ಕನ್ನಡಿಗೆ ತೂತು ಇರಲ್ಲ, ಅಂಟಿನಿಂದ ಕೂರಿಸೋದೂ ಅಲ್ಲ. ದಾರದ ಪಂಜರವೇ ಅದನ್ನ ಹಿಡಿಯೋದು. ಕನ್ನಡಿ ಬಟ್ಟೆ ಮೇಲಿಟ್ಟು ಎಡ ಹೆಬ್ಬೆರಳಲ್ಲಿ ಒತ್ತಿಕೊಳ್ಳಿ. ಅಂಚಿಗೆ ತಾಗಿದಂತೆ ಕೆಳಗಿನಿಂದ ಸೂಜಿ ತಂದು, ಕನ್ನಡಿ ಮೇಲೆ ಎರಡು ಉದ್ದ ದಾರ ಸಮನಾಗಿ, ಅದಕ್ಕೆ ಅಡ್ಡ ಎರಡು ದಾರ, ಅಡ್ಡ ದಾರ ಉದ್ದ ದಾರಕ್ಕೆ ಸುತ್ತಿಕೊಂಡು ಹೋಗಬೇಕು. ನಡುವೆ ಸಣ್ಣ ಚೌಕ ಕಾಣಬೇಕು. ಚೌಕ ದೊಡ್ಡದಾದರೆ ಕನ್ನಡಿ ಜಾರುತ್ತೆ, ತೀರ ಸಣ್ಣದಾದರೆ ಕನ್ನಡಿಯೇ ಕಾಣಲ್ಲ. ಆಮೇಲೆ ಸುತ್ತಲೂ ಒಂದು ಟಾಕು ಪಂಜರದ ದಾರಕ್ಕೆ, ಒಂದು ಟಾಕು ಬಟ್ಟೆಗೆ, ಹೀಗೆ ಕುಣಿಕೆ ಹಾಕುತ್ತಾ ಹೋದರೆ ಪಂಜರ ಅಂಚಿಗೆ ಎಳೆದುಕೊಂಡು ದುಂಡಗಾಗುತ್ತೆ.

ಕಲಿಯುವವರ ಪಂಜರ ಯಾವಾಗಲೂ ಸಡಿಲ. ಅದಕ್ಕೆ ಮೊದಲು ಕನ್ನಡಿ ಬೇಡ, ರಟ್ಟನ್ನ ರೂಪಾಯಿ ನಾಣ್ಯದಷ್ಟು ಕತ್ತರಿಸಿ ಕೊಡಿ, ಅಂಚು ದಾರ ಕೊಯ್ಯಲ್ಲ. ಒಡೆದ ಕನ್ನಡಿ ಚೂರು ಮಾತ್ರ ಮಕ್ಕಳ ಕೈಗೆ ಬೇಡ, ಅಂಚು ಉಜ್ಜಿದ್ದನ್ನೇ ತನ್ನಿ. ದಾರ ಗಟ್ಟಿ ಬಣ್ಣದ್ದು ಇರಲಿ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ ನೋಡಿ, ಕೆಂಪು ಹತ್ತಿದರೆ ಆ ಲಡಿ ಬಿಟ್ಟುಬಿಡಿ.

ಸಿಂಧನೂರು ಸೊಸಿ:

ಸೂಜಿ ಬದಲು ಮಾಡಿದ ಕೂಡ್ಲೇ ಟಾಕು ತಪ್ಪೋದು ನಿಂತದ. ಅತ್ತಿಯವರ ಗೇಣು ಏಳೂಮುಕ್ಕಾಲು ಬಂತು, ನಾಕು ಬಳ್ಳು ಮೂರು ಇಂಚಿಗೆ ಒಂದು ಕೂದಲಷ್ಟು ಕಡಿಮಿ. "ನನ್ನ ಕೈ ಅಳದು ಏನ್ ಮಾಡ್ತೀರಿ" ಅಂತ ನಗ್ತಾರ. ಒಂದೇ ಅನುಮಾನ ಉಳಿದದ: ಅವರ ಹಿತ್ತಾಳಿ ಹಿಡಿಕಿ ಕತ್ತರಿ ಹುಡುಗಿಗೆ ಭಾಳ ದೊಡ್ಡದು. ಹೊಸಾದು ತರಬೇಕೋ, ಅದನ್ನೇ ಸಾಣಿ ಹಿಡಿಸ್ಬೇಕೋ?

ಗಂಗಾವತಿ ಕಟಿಂಗ್:

ಅದನ್ನು ಸಾಣೆ ಹಿಡಿಸಿ ಅತ್ತೆಯವರಿಗೇ ಇಡಿ. ಹುಡುಗಿಗೆ 8 ಇಂಚಿನದು ತನ್ನಿ, 10 ಇಂಚಿನದು ಮಣಿಕಟ್ಟಿಗೆ ಭಾರ. ಅಂಗಡಿಯಲ್ಲಿ ಒದ್ದೆ ಕರವಸ್ತ್ರ ಕತ್ತರಿಸಿ ನೋಡಿ, ತುದಿಯವರೆಗೆ ಜಗಿಯದೆ ಕತ್ತರಿಸಿದರೆ ಒಳ್ಳೆಯದು. ಬಟ್ಟೆಯನ್ನು ಮೇಜಿನಿಂದ ಎತ್ತದೆ, ಕತ್ತರಿಯ ಕೆಳಗಿನ ಅಲಗು ಮೇಜಿಗೆ ತಾಗಿಕೊಂಡೇ ಸಾಗಬೇಕು. ಎರಡು ಕತ್ತರಿಗಳಿಗೂ ಒಂದೊಂದು ಬಣ್ಣದ ದಾರ ಕಟ್ಟಿ, ಆ ಖಾಕಿ ಕಾಗದ ಕತ್ತರಿಸಲು ಇನ್ನೊಂದು ಹಳೆಯದನ್ನು ಬೇರೆ ಇಡಿ. ಕಾಗದ ಕತ್ತರಿಸಿದ ಕತ್ತರಿ ಖಣದ ಮೇಲೆ ಎಳೆ ಹಿಡಿಯುತ್ತದೆ.

ಕುಷ್ಟಗಿ ಕೌದಿ:

ಕತ್ತರಿ ನೆಲಕ್ಕ ಬಿದ್ರ ತುದಿ ಬಾಗತೈತಿ, ಅದಕ್ಕ ಸಾಣಿನೂ ಉಪಯೋಗ ಇಲ್ಲ. ಮಷಿನ್ ಮ್ಯಾಲ ಇಡೋದು ಬ್ಯಾಡ, ತುಳಿತಕ್ಕ ಅಲಗಾಡಿ ಜಾರತೈತಿ. ಮೊಳಿಗೆ ತೂಗಹಾಕಸ್ರಿ.